ಕತ್ತೆಯೇರಿಗೆ ತಕ್ಕ ಗಾಡಿ

ನಮ್ಮ ಲಾಸ್ ಹಾರಾಸ್ ಊರಿನ ಕಾಲುವೆಗೆ ಹೆಂಗಸೊಬ್ಬಳು ನೀರುಗಂಟಿಯಾದದ್ದು ಅದೇ ಮೊದಲು. ಆ ಹೆಂಗಸು ನನ್ನ ಅಣ್ಣ ಅಬೆನಿಸಿಯೋನ ಹೆಂಡತಿ ಎಲ್ಫಿದಾ. ಆದ್ದರಿಂದ ನಾನು ಹೇಳುವುದರಲ್ಲಿ ಒಂದು ಹಿಡಿ ಜಂಬ ಹೆಚ್ಚಾಗಿದ್ದರೆ ಸಹಿಸಿಕೊಳ್ಳಬೇಕು. ಜಂಬ ಪಡುವ ಯೋಗ ನಮ್ಮ ಮನೆತನಕ್ಕೆ ದಿನಾ ಬರುವುದಿಲ್ಲ. ನನ್ನ ಅಣ್ಣನನ್ನು ನೋಡಿದವರು ಇದನ್ನು ಒಪ್ಪುತ್ತಾರೆ.

ಮೊದಲು ಅಣ್ಣನೇ ನೀರುಗಂಟಿಯಾಗಿದ್ದ. ವರ್ಷಗಟ್ಟಲೆ ತೂಬು ತೆಗೆದು, ತೂಬು ಮುಚ್ಚಿ, ಸರದಿಯ ಜಗಳ ಬಿಡಿಸಿ, ಕೊನೆಗೆ ಅವನ ಎರಡು ಮಂಡಿಗಳೂ ಕೈಕೊಟ್ಟವು. ಆ ವಸಂತದಲ್ಲಿ ಕಾಲುವೆಯ ಹೂಳೆತ್ತುವ ಮುಂಚೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಸಭೆ ಸೇರಿದಾಗ ಆ ಕೆಲಸಕ್ಕೆ ಒಬ್ಬನೂ ಕೈಯೆತ್ತಲಿಲ್ಲ. ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡು ಕೂತರು. ಆಗ ಅತ್ತಿಗೆ ಎದ್ದು ನಿಂತು, ಇಷ್ಟು ವರ್ಷ ಅರ್ಧ ಕೆಲಸ ಮಾಡಿದವಳು ತಾನೇ, ಉಳಿದರ್ಧವನ್ನೂ ಮಾಡುತ್ತೇನೆ ಎಂದಳು. ಬೇರೆ ಯಾರಾದರೂ ಸಿಗುವ ತನಕ ಆಗಲಿ ಎಂದು ಸಭೆ ಒಪ್ಪಿತು. ತೆರೆಯಲಿಕ್ಕೂ ಮುಚ್ಚಲಿಕ್ಕೂ ಬೇಕಾಗುವ ತೂಬಿನ ಬೀಗದ ಕೈ ದಾರಕ್ಕೆ ಸೇರಿ ಅವಳ ಕೊರಳಿಗೆ ಬಂತು.

ಒಪ್ಪದವನು ಒನೇಸಿಮೋ ಒಬ್ಬನೇ. ಊರಿನ ಮೇಲ್ಗಡೆ, ಕಾಲುವೆಯ ಮೊದಲ ತಿರುವಿನಲ್ಲಿ ಅವನ ಮನೆ, ಹೊಲ. ಹೊಲದಲ್ಲಿ ಅವನದೇ ಒಂದು ನೀರಿನ ಊಟೆ ಇದೆ, ಕಾಲುವೆ ಬತ್ತಿದರೂ ಅವನ ಗಿಡ ಬಾಡುವುದಿಲ್ಲ. ಊರಿಗೆಲ್ಲ ಇರುವ ಒಂದೇ ಒಂದು ಮಣ್ಣೆತ್ತುವ ಯಂತ್ರವೂ ಅವನದೇ. ಹಾಗಾಗಿ ಅವನು ಮಾತಾಡುವಾಗ ಜನ ಕೆಮ್ಮುವುದನ್ನೂ ತಡೆದುಕೊಳ್ಳುತ್ತಾರೆ. ಅವನ ಮಾತು ಹೀಗಿತ್ತು: ಎರಡು ವರ್ಷದ ಹಿಂದೆ ಬೆಟ್ಟದ ಕಾಡು ಸುಟ್ಟುಹೋದ ಮೇಲೆ ಮಳೆ ಮೊದಲಿನ ಮಳೆಯಲ್ಲ. ಮೇಲೆ ಮೋಡ ಒಡೆದರೆ ಗಂಟೆಯೊಳಗೆ ಬೂದಿ ಕಲಸಿದ ಕರಿ ನೀರು ಹೊಳೆಯಲ್ಲಿ ನುಗ್ಗುತ್ತದೆ. ಆಗ ತೂಬು ತೆರೆದಿದ್ದರೆ ಅದೆಲ್ಲ ಕಾಲುವೆಗೆ ಬಂದು ದಂಡೆ ಒಡೆದು ಮನೆಗಳ ಮೇಲೆ ಬೀಳುತ್ತದೆ. ನಮ್ಮವು ಹಸಿ ಇಟ್ಟಿಗೆಯ ಮನೆಗಳು. ಆದ್ದರಿಂದ ಮಳೆಗಾಲ ಪೂರ್ತಿ ತೂಬು ಮುಚ್ಚಿ ಬೀಗ ಜಡಿದುಬಿಡೋಣ.

ಇದನ್ನು ಕೇಳಿ ಕೆಳಗೇರಿಯವರ ಮುಖ ಒಣಗಿತು. ಮಳೆಗಾಲವೆಂದರೆ ನಮ್ಮಲ್ಲಿ ಬೆಟ್ಟದ ಮೇಲೆ ಮಳೆ, ಕೆಳಗೆ ಬಿಸಿಲು. ಮೆಣಸಿನ ಗಿಡ ಹೂ ಬಿಡುವುದು, ಹುರುಳಿ ಬಳ್ಳಿ ಹಬ್ಬುವುದು ಆಗಲೇ. ಆ ಹೊತ್ತಿಗೆ ನೀರು ನಿಲ್ಲಿಸಿದರೆ ಚಳಿಗಾಲಕ್ಕೆ ಒಲೆಯ ಮೇಲೆ ಇಡಲು ಪಾತ್ರೆ ಮಾತ್ರ ಇರುತ್ತದೆ. ಅತ್ತಿಗೆ, ಬೀಗ ಬೇಡ, ಬೆಟ್ಟದ ತುದಿಗೆ ಮೋಡ ಕೂತ ದಿನ ನಾನೇ ಹೋಗಿ ಮುಚ್ಚಿ ಬರುತ್ತೇನೆ ಎಂದಳು.

“ಆಯ್ತು ತಾಯಿ,” ಎಂದ ಒನೇಸಿಮೋ. “ಮೊದಲ್ನೇ ಪ್ರವಾಹಕ್ಕೆ ಕಾಲುವೆ ಒಡೀತು ಅಂದ್ರೆ ಬೀಗದ ಕೈ ನನ್ ಕೈಗೆ ಬರ್ಬೇಕು. ಒಪ್ಪಿದ್ಯಾ?”

ಒಪ್ಪಿದಳು. ಒಪ್ಪುವಾಗ ಅವಳ ಮುಖ ಹೇಗಿತ್ತೆಂದರೆ, ಸಂತೆಯಲ್ಲಿ ಆಡು ಕೊಳ್ಳುವವಳ ಹಾಗಿತ್ತು. ನನಗೆ ಮಾತ್ರ ಹೆದರಿಕೆಯಾಯಿತು, ಏಕೆಂದರೆ ಆ ದಾರಿ ನನಗೆ ಗೊತ್ತು.

ತೂಬಿಗೆ ಹೋಗುವ ದಾರಿ ಹೊಳೆಯ ಪಕ್ಕ ಸ್ವಲ್ಪ ದೂರ ಸಮವಾಗಿದೆ. ಆಮೇಲೆ ಕತ್ತೆಯೇರು. ಹಿಂದಿನ ಕಾಲದಲ್ಲಿ ಕತ್ತೆಗಳೇ ಅಲ್ಲಿ ನಿಂತು ಯಜಮಾನನ ಮುಖ ನೋಡುತ್ತಿದ್ದವಂತೆ, ಅದಕ್ಕೇ ಆ ಹೆಸರು. ಅದನ್ನು ಹತ್ತಿದರೆ ಗುಡ್ಡ ಜರಿದ ಜಾಗ. ಕಾಡು ಸುಟ್ಟ ವರ್ಷವೇ ರಸ್ತೆಯನ್ನು ಗುಡ್ಡ ನುಂಗಿ, ಮನೆಬಾಗಿಲಿನಷ್ಟು ಅಗಲದ ಅಂಚೊಂದನ್ನು ಉಳಿಸಿದೆ. ಅದರ ಮೇಲೆ ಸುಟ್ಟ ಪೈನ್ ಮರಗಳು ಅಡ್ಡ ಬಿದ್ದಿವೆ. ಅಲ್ಲಿ ಪಿಕಪ್ ಹೋಗದು, ನಾಲ್ಕು ಚಕ್ರದ ಯಾವುದೂ ಹೋಗದು. ಕುದುರೆ ಬೂದಿಯ ಮೇಲೆ ಕಾಲಿಡದು. ಒನೇಸಿಮೋನ ಕುದುರೆಯೇ ಒಮ್ಮೆ ಅಲ್ಲಿಂದ ಅವನನ್ನು ನಡೆಸಿಕೊಂಡು ಬಂದಿತ್ತು. ಮೋಟಾರ್ ಸೈಕಲ್ಲನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ದಾಟಿಸಲು ಅರವತ್ತು ದಾಟಿದ ಹೆಂಗಸಿನಿಂದ ಆಗದು. ನಡೆದು ಹೋದರೆ ಪ್ರವಾಹವೇ ಎದುರಿಗೆ ಸಿಗುತ್ತದೆ. ಸೈಕಲ್ ಒಂದನ್ನೇ ಎತ್ತಿ ದಾಟಿಸಬಹುದು. ಆದರೆ ಸೈಕಲ್ ತಾನಾಗಿ ಕತ್ತೆಯೇರನ್ನು ಹತ್ತುವುದಿಲ್ಲವಲ್ಲ.

“ಅದಕ್ಕೊಂದು ಎಂಜಿನ್ ಕಟ್ಟೋಣ,” ಎಂದಳು ಅತ್ತಿಗೆ.

ಎಂಥ ಎಂಜಿನ್ನು, ಎಲ್ಲಿ ಕಟ್ಟುವುದು ಎಂಬುದರ ಮೇಲೆ ಊರೇ ಎರಡು ತಿಂಗಳು ತಲೆ ಕೆಡಿಸಿಕೊಂಡಿತು. ನಮ್ಮ ಕಾಲುವೆಯ ಕಟ್ಟಳೆ ಎಂದರೆ, ನೀರು ಬೇಕಾದ ಪ್ರತಿ ಮನೆಯೂ ತನ್ನ ಪಾಲಿನ ದುಡಿಮೆ ಕೊಡಬೇಕು: ಹೂಳೆತ್ತಲು ಆಳು, ದಂಡೆ ಕಟ್ಟಲು ಸಲಿಕೆ. ಅತ್ತಿಗೆ ಬಂದವಳೇ ಒಂದು ಮಾತು ಸೇರಿಸಿದಳು: ಈ ಸಲ ಗಾಡಿಗೆ ಸಾಮಾನು ಕೊಟ್ಟವರಿಗೂ ಅದು ದುಡಿಮೆಯ ಲೆಕ್ಕವೇ. ಬೆನ್ನು ನೋವಿನವರೆಲ್ಲ ಕುಣಿದಾಡಿದರು. ಇಗರ್ಜಿಗೂ ಒಂದು ತುಂಡು ಹೊಲ ಇರುವುದರಿಂದ ಪಾದ್ರಿಗಳು ತಮ್ಮ ಹಸಿರು ಬಣ್ಣದ ಬೆಟ್ಟದ ಸೈಕಲ್ಲನ್ನೇ ತಂದು ನಿಲ್ಲಿಸಿದರು. ದಪ್ಪ ಟೈರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಅತ್ತಿಗೆ ಮೊದಲು ಮುಟ್ಟಿ ನೋಡಿದ್ದು ಬ್ರೇಕನ್ನು. ಎಂಜಿನ್ನು ಕೆಟ್ಟರೆ ತಳ್ಳಿಕೊಂಡು ಹೋಗಬಹುದು, ಬ್ರೇಕು ಕೆಟ್ಟರೆ ಯಾರು ತಡೆಯುತ್ತಾರೆ ಎಂದಳು. ಪಾದ್ರಿಗಳು ದೇವರು ಎನ್ನಲು ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿದರು.

ಎಂಜಿನ್ನು ಕೂರಿಸುವ ಕೆಲಸ ನಮ್ಮ ಯಜಮಾನರು ಟಿರ್ಸೋ ಅವರದು. ಊರಿನ ಮರ ಕೊಯ್ಯುವ ಗರಗಸ, ಹುಲ್ಲು ಕತ್ತರಿಸುವ ಯಂತ್ರ ಎಲ್ಲ ರಿಪೇರಿಗೆ ನಮ್ಮ ಕೊಟ್ಟಿಗೆಗೇ ಬರುತ್ತವೆ. ಬಂದವುಗಳಲ್ಲಿ ಕೆಲವು ವಾಪಸು ಹೋಗುವುದೂ ಉಂಟು. ಇವರು ಮೊದಲು ಆರಿಸಿದ್ದು ಬ್ಯಾಟರಿ ಮೋಟಾರು. ಹಿಂದಿನ ಚಕ್ರದ ನಡುವಿನಲ್ಲೇ ಕೂರುವಂಥದ್ದು, ಸದ್ದಿಲ್ಲ, ಹೊಗೆಯಿಲ್ಲ. ಕ್ಯಾರಿಯರ್ ಮೇಲೆ ಒದ್ದೆ ಮರಳಿನ ಚೀಲ ಕಟ್ಟಿಕೊಂಡು ಇವರೇ ಕತ್ತೆಯೇರಿಗೆ ಹೊರಟರು. ನಡುಮಧ್ಯದಲ್ಲಿ ಮೋಟಾರು ತೊರ್ತಿಯಾ ರೊಟ್ಟಿ ಸುಡುವಷ್ಟು ಕಾದು ನಿಂತುಹೋಯಿತು. ತಳ್ಳಿಕೊಂಡು ಬಂದವರನ್ನು, ಮೇಲೆ ಕರೆಂಟು ಯಾರ ಮನೆಯಲ್ಲಿ ಸಿಗುತ್ತದೆ ಎಂದು ಕೇಳಿದೆ. ಆ ದಿನ ಊಟ ಮಾಡುವಾಗ ನನ್ನ ಕಡೆ ನೋಡಲಿಲ್ಲ.

ಆಮೇಲೆ ಸಬೀನೋ ಮುದುಕ ತನ್ನದನ್ನು ತಂದ. ಟೈರಿಗೆ ಒತ್ತಿಕೊಂಡು ತಿರುಗುವ ಒಂದು ರೋಲರು, ಅದನ್ನು ತಿರುಗಿಸಲು ಪುಟ್ಟ ಎಂಜಿನ್ನು. ಇಗರ್ಜಿಯ ಮುಂದಿನ ಬಯಲಿನಲ್ಲಿ ಚೆನ್ನಾಗಿಯೇ ಓಡಿತು. ಅತ್ತಿಗೆ ಒಂದು ಬಕೆಟ್ ಕಾಲುವೆ ನೀರಿಗೆ ಬೂದಿ ಕಲಸಿ ಟೈರಿನ ಮೇಲೆ ಸುರಿದಳು. ರೋಲರು ನಿಂತಲ್ಲೇ ಗಿರಗಿರ ತಿರುಗಿತು, ಚಕ್ರ ಅಲ್ಲಾಡಲಿಲ್ಲ. ಸಬೀನೋ, ಮಳೆ ಬರದ ದಿನ ನೋಡಿ ಹೋಗಬೇಕು ಎಂದ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು.

ಹೀಗೆ ಕೈಚೆಲ್ಲಿ ಕೂತಿದ್ದಾಗ ಕೆಳಗೇರಿಯ ಯೂಫ್ರಾಸಿಯಾ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಮಡಿಲಿನಲ್ಲಿ ಕಟ್ಟಿಕೊಂಡು ಬಂದಳು. ಸಣ್ಣ ಕುಂಬಳಕಾಯಿಯಷ್ಟಿತ್ತು. ಅವಳ ಮೆಣಸಿನ ಮಡಿ ಕಾಲುವೆಯ ಕಟ್ಟಕಡೆಯದು. ನೀರು ನಿಂತರೆ ಮೊದಲು ಸಾಯುವುದು ಅದೇ. ಇದು ಚಿಕ್ಕದಾಯಿತು ಎಂದು ಇವರು ತಲೆಯಾಡಿಸಿದರು. ಅತ್ತಿಗೆ ಮಾತ್ರ ಅದನ್ನು ಎರಡು ಕೈಯಲ್ಲಿ ತೂಗಿ ನೋಡಿದಳು.

“ಟಿರ್ಸೋ, ಇಲ್ಲೀತನಕ ಎಲ್ಲರೂ ಎಂಜಿನ್ನನ್ನ ನೇರ ಚಕ್ರಕ್ಕೆ ಕಟ್ಟಿದ್ರಿ. ಇದನ್ನ ಪೆಡಲಿಗೆ ಕಟ್ಟೋಕಾಗಲ್ವಾ?”

“ಪೆಡಲಿಗಾ? ಯಾಕಕ್ಕಾ?”

“ನನ್ ಕಾಲು ಮಾಡೋ ಕೆಲಸ ಅದು ಮಾಡ್ಲಿ. ಏರು ಬಂದಾಗ ನಾನು ಗೇರು ಇಳಿಸ್ತೀನಿ. ಅದೂ ಇಳಿಸ್ಕೊಳ್ಲಿ. ಪಾದ್ರಿಗಳ ಸೈಕಲ್ಲಲ್ಲಿ ಇಷ್ಟೊಂದು ಗೇರು ಇರೋದು ಪೂಜೆಗಾ?”

ಇವರು ಎಂಜಿನ್ನು ಎತ್ತಿಕೊಂಡು ಕೊಟ್ಟಿಗೆಯೊಳಗೆ ಹೋದರು. ಎಂಜಿನ್ನಿನ ಚೈನು ಪೆಡಲಿನ ಅಚ್ಚಿಗೆ, ಅಲ್ಲಿಂದ ಸೈಕಲ್ಲಿನದೇ ಚೈನು ಹಿಂದಿನ ಗೇರುಗಳಿಗೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲು ಚೈನು ಹರಿಯಿತು, ಆಮೇಲೆ ಪೆಡಲು ತಿರುಗಿ ಇವರ ಕಾಲಿಗೇ ಹೊಡೆಯಿತು. ಎಷ್ಟೋ ದಿನ ಕೊಟ್ಟಿಗೆಯಿಂದ ಬಂದದ್ದು ಹೊಗೆ ಮತ್ತು ಬೈಗುಳ ಎರಡೇ. ಕೊನೆಗೊಂದು ಬೆಳಿಗ್ಗೆ ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಕಟಕಟನೆ ಸದ್ದು ಮಾಡುತ್ತ ಓಡತೊಡಗಿತು. ಅತ್ತಿಗೆ ಸಲಿಕೆಯನ್ನು ಸೈಕಲ್ಲಿನ ಉದ್ದಕ್ಕೂ ಕಟ್ಟಿದಳು. ಭಾರ ಆಗುತ್ತದೆ, ಸಲಿಕೆ ಬಿಡು ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಸಲಿಕೆಯಿಲ್ಲದ ನೀರುಗಂಟಿ ಎಂದರೆ ಜಪಮಾಲೆ ಮರೆತ ಪಾದ್ರಿ ಎಂದಳು.

ಒನೇಸಿಮೋ ಬಂದದ್ದು ಆ ವಾರವೇ. ಬಂದದ್ದು ಕಾಣುವ ಮುಂಚೆ ಕೇಳಿಸಿತು. ಕೆಂಪು ಸೈಕಲ್ಲು, ಮಧ್ಯದಲ್ಲಿ ದೊಡ್ಡ ಎಂಜಿನ್ನು, ಒಂದೇ ಚೈನು ನೇರ ಹಿಂದಿನ ಚಕ್ರಕ್ಕೆ. ಅಂಗಳದಲ್ಲಿ ಒಂದು ಸುತ್ತು ಹೊಡೆದಾಗ ಕೋಳಿಗಳು ಬೇಲಿಯಾಚೆ ಹಾರಿದವು. ನಿಜ ಹೇಳಬೇಕೆಂದರೆ ಗಾಡಿ ನೋಡಲು ಬಲು ಚಂದವಿತ್ತು. ನಮ್ಮ ಯಜಮಾನರ ಕಣ್ಣಿನಲ್ಲಿ ಆಸೆ ಮೂಡಿದ್ದು ನನಗೆ ಕಂಡಿತು. ಹುಲ್ಲು ಕತ್ತರಿಸುವ ಎಂಜಿನ್ನಿನಿಂದ ಹುಲ್ಲು ಕತ್ತರಿಸಬೇಕು, ಬೆಟ್ಟ ಹತ್ತಲು ಇಂಥದ್ದು ಬೇಕು ಎಂದ ಒನೇಸಿಮೋ. ಭಾನುವಾರ ಪೂಜೆಯ ಮೇಲೆ ಕತ್ತೆಯೇರಿನಲ್ಲಿ ಪಂದ್ಯ ಇಡೋಣ, ಯಾರ ಗಾಡಿ ಗೆಲ್ಲುತ್ತದೋ ಅವರೇ ತೂಬಿಗೆ ಹೋಗಲಿ, ಪ್ರವಾಹ ಬರುವ ತನಕ ಕಾಯುವುದೇಕೆ ಎಂದೂ ಸೇರಿಸಿದ.

ಅತ್ತಿಗೆ ಹುರುಳಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಆಗ್ಲಿ. ಆದ್ರೆ ನಮ್ಮ ಶಾಲೇಲಿ ಕನ್ಯಾಸ್ತ್ರೀಯರು ಆಡಿಸ್ತಿದ್ರಲ್ಲ, ಆ ಪಂದ್ಯ. ಕೊನೇಲಿ ಮುಟ್ಟಿದೋರು ಗೆದ್ದಂಗೆ. ಕಾಲು ಊರಿದ್ರೆ ಸೋತಂಗೆ.”

ಒನೇಸಿಮೋ ಹೊಟ್ಟೆ ಕುಲುಕುವ ಹಾಗೆ ನಕ್ಕ. ಜೋರಾಗಿ ಹೋಗುವ ಗಾಡಿಗೆ ನಿಧಾನ ಹೋಗುವುದು ಎಷ್ಟರ ಕೆಲಸ ಎಂದು ಅವನ ಎಣಿಕೆ. ನಮ್ಮವರೂ ಅದನ್ನೇ ನಂಬಿ ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ರಾತ್ರಿ ನನ್ನ ಹತ್ತಿರ ಗೊಣಗಿದರು.

ಭಾನುವಾರ ಊರೆಲ್ಲ ಕತ್ತೆಯೇರಿನ ಬುಡದಲ್ಲಿ ಸೇರಿತ್ತು. ಯೂಫ್ರಾಸಿಯಾ ಒಂದು ಹಂಡೆ ಹುರುಳಿ ಬೇಯಿಸಿ, ಸುಟ್ಟ ಹಸಿಮೆಣಸಿನಕಾಯಿ ಬುಟ್ಟಿಯಲ್ಲಿ ತಂದಿದ್ದಳು. ಪಾದ್ರಿಗಳು ಕೈ ಬೀಸಿದರು. ಇಬ್ಬರೂ ಹೊರಟರು.

ಅತ್ತಿಗೆ ಕಡೆಯ ಗೇರಿಗೆ ಇಳಿಸಿದಳು. ಎಂಜಿನ್ನು ಕಟಕಟ ಎನ್ನುತ್ತ ತನ್ನ ಪಾಡಿಗೆ ಬೇಗ ಬೇಗ ತಿರುಗುತ್ತಿತ್ತು, ಚಕ್ರ ಮಾತ್ರ ಮುದುಕಿ ಇಗರ್ಜಿಗೆ ಹೋಗುವ ಹಾಗೆ ಹೋಗುತ್ತಿತ್ತು. ಪಕ್ಕದಲ್ಲಿ ನಾನು ಹುರುಳಿ ತಿನ್ನುತ್ತ ನಡೆದು ಹೋಗಬಹುದಾಗಿತ್ತು, ಹೋದೆ ಕೂಡ. ಒನೇಸಿಮೋನ ಗಾಡಿಗೆ ಇರುವುದು ಒಂದೇ ಓಟ. ನಿಧಾನ ಮಾಡಿದರೆ ಎಂಜಿನ್ನು ಉಸಿರು ಕಟ್ಟಿ ಒದರುತ್ತಿತ್ತು. ಜೋರು ಮಾಡಿದರೆ ಮುಂದಿನ ಚಕ್ರ ಮೇಲೇಳುತ್ತಿತ್ತು. ಅವನು ಕ್ಲಚ್ಚನ್ನು ಅರ್ಧ ಹಿಡಿದು, ಅರ್ಧ ಬಿಟ್ಟು, ಬೆವರು ಸುರಿಸುತ್ತ ಒಂದಿಷ್ಟು ದೂರ ಒಯ್ದ. ಸುಟ್ಟ ವಾಸನೆ ಬಂತು. ನಾನು ಮೆಣಸಿನಕಾಯಿ ಎಂದುಕೊಂಡೆ, ಕ್ಲಚ್ಚು. ಮೊದಲ ತಿರುವಿನಲ್ಲೇ ಗಾಡಿ ಕೆಮ್ಮಿ ನಿಂತಿತು, ಅವನ ಕಾಲು ನೆಲಕ್ಕೆ ಬಂತು. ಅತ್ತಿಗೆ ಅವನನ್ನು ದಾಟಿ, ಹಿಂತಿರುಗಿಯೂ ನೋಡದೆ, ತುದಿಯ ತನಕ ಹೋಗಿ ಬಂದಳು. ಜನ ನಕ್ಕ ನಗುವಿಗೆ ಹಂಡೆಯ ಮುಚ್ಚಳ ಅಲುಗಿತು.

ಒನೇಸಿಮೋ ಬಟ್ಟೆ ಕೊಡವಿಕೊಂಡ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಕುಲ ಅದು. “ನಕ್ಕೊಳ್ಳಿ. ನಿಧಾನವೇ ಪ್ರಧಾನ ಅಂತ ನೀವು ಹೇಳ್ತೀರಿ, ಪ್ರವಾಹ ಹೇಳುತ್ತಾ? ನೀರು ಬಂದ ದಿನ ನೋಡೋಣ.”

ನಗು ನಿಂತಿತು. ಏಕೆಂದರೆ ಆ ಮಾತಿನಲ್ಲಿ ಸತ್ಯ ಇತ್ತು. ಮನೆಗೆ ಬರುವಾಗ ನಾನೂ ಅತ್ತಿಗೆಯನ್ನು ಅದನ್ನೇ ಕೇಳಿದೆ. ಅವಳು, ಜೋರು ನನಗೆ ಬೇಕಿಲ್ಲ, ಎಲ್ಲೂ ನಿಲ್ಲದೆ ಹೋಗುವುದು ಬೇಕು. ಕತ್ತೆಯೇರಿನಲ್ಲಿ ಒಂದು ಸಲ ನಿಂತ ಗಾಡಿ ಮತ್ತೆ ಹೊರಡುವುದಿಲ್ಲ, ಅದಕ್ಕೇ ಆ ಪಂದ್ಯ ಇಟ್ಟೆ ಎಂದಳು. ಹೇಳುವಾಗ ಕೊರಳಿನ ಬೀಗದ ಕೈಯನ್ನು ಬೆರಳಿನಿಂದ ತಿರುವುತ್ತಿದ್ದಳು. ಅವಳಿಗೂ ಹೆದರಿಕೆ ಇದೆ ಎಂದು ನನಗೆ ಆಗ ಗೊತ್ತಾಯಿತು.

ಜುಲೈ ತಿಂಗಳಲ್ಲಿ ಮೆಣಸಿನ ಗಿಡಗಳು ಹೂ ಬಿಟ್ಟವು. ಕಾಲುವೆ ದಂಡೆಯವರೆಗೂ ತುಂಬಿ ಹರಿಯುತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬೆಟ್ಟದ ತುದಿಯ ಮೇಲೆ ಮೋಡ ಬಂದು ಕೂತಿತು. ಬಿಳಿ ಮೋಡವಲ್ಲ, ಒಲೆಯ ಮೇಲಿನ ಗೋಡೆಯ ಬಣ್ಣ. ಅದರೊಳಗೆ ಮಿಂಚು ಹೊಳೆಯಿತು. ಊರಿನಲ್ಲಿ ಎಲೆಯೂ ಅಲುಗದ ಬಿಸಿಲು.

ಅತ್ತಿಗೆ ಕೈಯಲ್ಲಿದ್ದ ತೊರ್ತಿಯಾವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಸೈಕಲ್ಲು ಅಂಗಳಕ್ಕೆ ಬರುವಷ್ಟರಲ್ಲಿ ಅರ್ಧ ಊರು ಬಾಗಿಲಲ್ಲಿತ್ತು. ಆಗಲೇ ಒನೇಸಿಮೋನ ಗಾಡಿಯ ಸದ್ದು. ಹೊಸ ಕ್ಲಚ್ಚು ಹಾಕಿಸಿದ್ದ. ದಾರಿಗೆ ಅಡ್ಡವಾಗಿ ನಿಲ್ಲಿಸಿದ.

“ಎಲ್ಫಿದಮ್ಮಾ, ಅವತ್ತು ಆಡಿದ್ದು ಆಟ. ಇವತ್ತು ನೀರು ಬರ್ತಿದೆ. ನೀನು ಮೊದಲ್ನೇ ತಿರುವು ಮುಟ್ಟೋದ್ರೊಳಗೆ ನಾನು ತೂಬಿನ ಹತ್ರ ಇರ್ತೀನಿ. ಬೀಗದ ಕೈ ಕೊಡು. ನನ್ ಹಟಕ್ಕಲ್ಲ, ಕಾಲುವೆ ಒಡೆದ್ರೆ ಮೊದಲು ಹೋಗೋದು ನನ್ ಮನೇನೇ.”

ಅವನ ದನಿಯಲ್ಲಿ ನಿಜವಾಗಿಯೂ ಭಯ ಇತ್ತು. ಜನ ಗುಸುಗುಸು ಎಂದರು. ಕೊಟ್ಟುಬಿಡು, ಜೋರಾಗಿ ಹೋಗುವವನು ಹೋಗಲಿ ಎಂದು ಯಾರೋ ಹಿಂದಿನಿಂದ ಹೇಳಿದರು. ಸಬೀನೋ ಕೂಡ ತಲೆಯಾಡಿಸಿದ. ಅತ್ತಿಗೆಯ ಕೈ ಕೊರಳಿನ ದಾರಕ್ಕೆ ಹೋಯಿತು. ಅವಳು ಗಂಡನ ಕಡೆ ನೋಡಿದಳು. ನನ್ನ ಅಣ್ಣ ಬಾಗಿಲ ಬಳಿ ಎರಡು ಕೋಲಿನ ಮೇಲೆ ನಿಂತಿದ್ದ. ಎಲ್ಲದಕ್ಕೂ ಆಗಲಿ ಬಿಡು ಎನ್ನುವ ಮನುಷ್ಯ ಅವನು; ಮದುವೆಗೂ ಹಾಗೇ ಒಪ್ಪಿದ್ದ.

“ಕೊಡ್ಬೇಡ ಕಣೇ,” ಎಂದ ಅಣ್ಣ. “ಆ ಏರು ನನಗ್ಗೊತ್ತು. ನೀನೇ ಹೋಗು.”

ಅತ್ತಿಗೆ ಎಂಜಿನ್ನು ಹಚ್ಚಿ, ಒನೇಸಿಮೋನನ್ನು ಬಳಸಿಕೊಂಡು ಹೊರಟೇಹೋದಳು. ಅವನು ತಾನು ತಂದಿದ್ದ ಬೀಗ ಕತ್ತರಿಸುವ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಗದ ಕೈ ಕೊಡದಿದ್ದರೆ ಬೀಗವನ್ನೇ ಮುರಿಯುತ್ತೇನೆ ಎಂದು ಅವಳ ಹಿಂದೆ ಗಾಡಿ ಬಿಟ್ಟ.

ನಾವು ಮಾಳಿಗೆ ಹತ್ತಿದೆವು. ಮೊದಲಾಗಿದ್ದರೆ ಪೈನ್ ಮರಗಳ ಮರೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಡು ಸುಟ್ಟ ಮೇಲೆ ಕತ್ತೆಯೇರು ಬುಡದಿಂದ ತುದಿಯ ತನಕ ಕಪ್ಪು ಬೆಟ್ಟದ ಮೇಲೆ ಎಳೆದ ಗೆರೆಯಂತೆ ಊರಿಗೇ ಕಾಣುತ್ತದೆ. ಹೊಳೆಯ ಪಕ್ಕದ ಸಮದಾರಿಯಲ್ಲಿ ಕೆಂಪು ಚುಕ್ಕೆ ಹಸಿರು ಚುಕ್ಕೆಯನ್ನು ದಾಟಿ ಹಾರಿಹೋಯಿತು. ಯೂಫ್ರಾಸಿಯಾ ಕಣ್ಣು ಮುಚ್ಚಿ ರೈತರನ್ನು ಕಾಯುವ ಸಂತ ಇಸಿದ್ರೋನನ್ನು ಕರೆಯತೊಡಗಿದಳು.

ಕೆಂಪು ಚುಕ್ಕೆ ಅದೇ ವೇಗದಲ್ಲಿ ಏರಿಗೆ ನುಗ್ಗಿತು. ಮೊದಲ ತಿರುವು ದಾಟಿತು. ಎರಡನೆಯದನ್ನೂ ದಾಟಿತು. ನಮ್ಮವರು, ಇವನು ಹತ್ತಿಬಿಡುತ್ತಾನೆ ಎಂದರು. ಮೂರನೆಯ ತಿರುವಿಗೆ ಮುಂಚೆ ಅದು ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು. ಸ್ವಲ್ಪ ಹಿಂದಕ್ಕೆ ಜಾರಿ ಮತ್ತೆ ಪ್ರಯತ್ನಿಸಿತು. ಮತ್ತೆ ನಿಂತಿತು. ಮೂರನೆಯ ಸಲ ಅಲ್ಲಿಂದ ಬಿಳಿ ಹೊಗೆ ಎದ್ದಿತು.

ಹಸಿರು ಚುಕ್ಕೆ ಬುಡ ಮುಟ್ಟಿತು. ಅದು ಜೋರೂ ಆಗಲಿಲ್ಲ, ನಿಲ್ಲಲೂ ಇಲ್ಲ. ಒಂದೊಂದೇ ಗೇರು ಇಳಿಸುತ್ತ, ಕಟಕಟ ಎನ್ನುತ್ತ, ಕಲ್ಲುಗಳನ್ನು ಬಳಸುತ್ತ ಏರಿತು. ಅದರ ಸದ್ದು ಆ ದೂರದಿಂದ ನಮಗೆ ಕೇಳುವಂತಿರಲಿಲ್ಲ, ಆದರೆ ಊರಿನ ಪ್ರತಿಯೊಬ್ಬರೂ ಕೇಳಿಸಿತು ಎಂದೇ ಇಂದಿಗೂ ಹೇಳುತ್ತಾರೆ. ಹೊಗೆಯ ಪಕ್ಕ ಹೋಗುವಾಗ ಮಾತ್ರ ಗಾಡಿ ಎಡಕ್ಕೆ ವಾಲಿತು. ಆಮೇಲೆ ಅತ್ತಿಗೆ ಹೇಳಿದಳು: ಒನೇಸಿಮೋ ಏನೋ ಹೇಳಲು ಬಂದ, ನಿಂತರೆ ಮತ್ತೆ ಹೊರಡಲಾಗದು ಎಂದು ಅವಳು ನಿಲ್ಲಿಸಲಿಲ್ಲ, ನಡೆದುಕೊಂಡು ಬನ್ನಿ ಎಂದಷ್ಟೇ ಕೂಗಿದಳು.

ಕತ್ತೆಯೇರಿನ ತುದಿ ಬಂತು. ಗುಡ್ಡ ಜರಿದ ಅಂಚಿನಲ್ಲಿ ಚುಕ್ಕೆ ಎರಡಾಯಿತು, ಅವಳು ಇಳಿದಿದ್ದಳು. ಸೈಕಲ್ಲನ್ನು ದಿಮ್ಮಿಯ ಮೇಲೆ ಎತ್ತಿ ಆ ಕಡೆ ಇಳಿಸುವುದು ಕಂಡಿತು. ಇನ್ನೊಂದು ದಿಮ್ಮಿ. ಅಣ್ಣ ಕೆಳಗಿನಿಂದ ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದ, ಅವನಿಗೆ ಮಾಳಿಗೆ ಹತ್ತಲು ಆಗುವುದಿಲ್ಲ. ಮತ್ತೆ ಚುಕ್ಕೆ ಒಂದಾಗಿ, ತಿರುವಿನ ಆಚೆ ಮರೆಯಾಯಿತು. ಅದರ ಹಿಂದೆಯೇ ಬೆಟ್ಟದ ತುದಿಯಿಂದ ಮಳೆಯ ಪರದೆ ಇಳಿಯಿತು. ಇನ್ನು ನೋಡಲು ಏನೂ ಇರಲಿಲ್ಲ.

ನಾವೆಲ್ಲ ಇಳಿದು ಕಾಲುವೆಯ ದಂಡೆಗೆ ಓಡಿದೆವು. ಅವಳು ಗೆದ್ದಳೋ ಸೋತಳೋ ಎಂದು ಹೇಳಬೇಕಾದದ್ದು ಈಗ ನೀರು. ಜನ ದಂಡೆಯ ಉದ್ದಕ್ಕೂ ನಿಂತು ಕೆಳಗೆ ನೋಡುತ್ತಿದ್ದರು. ನೀರು ಮೊದಲಿನಂತೆಯೇ ತುಂಬಿ ಹರಿಯುತ್ತಿತ್ತು. ಬೆಟ್ಟದ ಕಡೆಯಿಂದ ಗುಡುಗಿನಂಥ, ಆದರೆ ನಿಲ್ಲದ ಸದ್ದೊಂದು ಶುರುವಾಯಿತು. ಹೊಳೆ. ಸಬೀನೋ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

“ಇಳೀತಿದೆ,” ಎಂದಳು ಯೂಫ್ರಾಸಿಯಾ.

ನಾನು ನಂಬಲಿಲ್ಲ. ಅವಳು ಚಪ್ಪಲಿ ಬಿಟ್ಟು ಕಾಲುವೆಗೇ ಇಳಿದಳು. ಮಂಡಿಯ ಮೇಲಿದ್ದ ನೀರು ನೋಡನೋಡುತ್ತಲೇ ಮಂಡಿಯ ಕೆಳಗೆ ಬಂತು, ಆಮೇಲೆ ಪಾದದ ಹರಡಿಗೆ. ದಂಡೆಯ ಒದ್ದೆ ಗೆರೆ ಮೇಲೆ ಉಳಿಯಿತು. ಕೊನೆಗೆ ತಳದ ಕೆಸರು ಕಂಡಿತು, ಅದರ ಮೇಲೆ ಒಂದು ಕಪ್ಪೆ ತನ್ನ ನೀರು ಎಲ್ಲಿ ಹೋಯಿತು ಎಂದು ನೋಡುತ್ತ ಕೂತಿತ್ತು. ಹುಟ್ಟಿದಾಗಿನಿಂದ ಆ ಕಾಲುವೆಯಲ್ಲಿ ನೀರು ಬಂದಾಗ ಕುಣಿದವಳು ನಾನು. ನೀರು ನಿಂತದ್ದಕ್ಕೆ ಅತ್ತದ್ದು ಅದೇ ಮೊದಲು. ಹೊಳೆಯಲ್ಲಿ ಕರಿ ನೀರು ಮರಗಳನ್ನೇ ಹೊತ್ತುಕೊಂಡು ಊರಿನ ಪಕ್ಕ ನುಗ್ಗಿ ಹೋಯಿತು. ಕಾಲುವೆಗೆ ಅದರ ಒಂದು ಹನಿಯೂ ಬರಲಿಲ್ಲ. ಪಾದ್ರಿಗಳು ಹೋಗಿ ಗಂಟೆ ಬಾರಿಸಿದರು, ಬಾರಿಸುತ್ತಲೇ ಇದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಅತ್ತಿಗೆ ಕತ್ತೆಯೇರನ್ನು ಇಳಿದು ಬಂದಳು. ತಲೆಯಿಂದ ಕಾಲಿನ ತನಕ ಬೂದಿ, ಹಲ್ಲು ಮಾತ್ರ ಬಿಳಿ. ಹಿಂದೆ ಕ್ಯಾರಿಯರ್ ಮೇಲೆ, ಅವಳ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ಒನೇಸಿಮೋ. ಗುಡ್ಡ ಜರಿದ ಕಡೆ ಏದುಸಿರು ಬಿಡುತ್ತ ನಿಂತಿದ್ದನಂತೆ. ಅಂಥ ಒದ್ದೆ ಇಳಿಜಾರಿನಲ್ಲಿ ಇಬ್ಬರ ಭಾರವನ್ನು ಪಾದ್ರಿಗಳ ಬ್ರೇಕು ಒಂದು ಸಲವೂ ಜಾರದೆ ಹಿಡಿದು ತಂದಿತ್ತು. ತೂಬಿನ ಹಲಗೆಗೆ ಕೊಂಬೆ ಸಿಕ್ಕಿ ಇಳಿಯದೆ ಹೋದಾಗ ಸಲಿಕೆಯಿಂದಲೇ ಕೀಳಬೇಕಾಯಿತು ಎಂದು ನಮ್ಮ ಯಜಮಾನರ ಕಡೆ ನೋಡಿ ಹೇಳಿದಳು. ಇವರು ಆಕಾಶ ನೋಡಿದರು.

ಅಣ್ಣ ಕೋಲೂರಿಕೊಂಡು ಮುಂದೆ ಬಂದ. “ನೀರು ತಡೆಯೋಕೆ ಕಳ್ಸಿದ್ರೆ ಒನೇಸಿಮೋನ್ನ ಹೊತ್ಕೊಂಡು ಬಂದಿದ್ದೀಯಲ್ಲೇ,” ಎಂದ. ಹೇಳಿ ಅವಳ ಬೂದಿ ಮುಖವನ್ನು ತನ್ನ ಅಂಗಿಯ ತೋಳಿನಿಂದ ಎಲ್ಲರ ಮುಂದೆ ಒರೆಸಿದ. ಅಣ್ಣ ಅಂಥ ಕೆಲಸ ಮಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಪ್ರವಾಹ ಇಳಿದ ಮೇಲೆ ತೂಬಿನ ಬಾಯಿಗೆ ಬೂದಿ ಮೆತ್ತಿಕೊಂಡಿತ್ತು. ಮತ್ತೆ ನೀರು ಬಿಡಬೇಕಾದರೆ ಮನೆಗೊಬ್ಬರು ಸಲಿಕೆ ಹಿಡಿದು ಮೇಲೆ ಹೋಗಬೇಕು. ಒನೇಸಿಮೋ ಯಾವತ್ತೂ ಆಳನ್ನು ಕಳಿಸುವವನು. ಆ ಬೆಳಿಗ್ಗೆ ತಾನೇ ಬಂದ, ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು, ನಡೆದುಕೊಂಡು. ಅವನ ಕೆಂಪು ಗಾಡಿ ಇನ್ನೂ ಮೂರನೆಯ ತಿರುವಿನಲ್ಲೇ ಬಿದ್ದಿತ್ತು.

ಕತ್ತೆಯೇರಿನಲ್ಲಿ ಅವನು ಎಲ್ಲರಿಗಿಂತ ಹಿಂದೆ ಬಿದ್ದ. ನಾನು ಸ್ವಲ್ಪ ಮುಂದಿದ್ದೆ. ಹಿಂದಿನಿಂದ ಕಟಕಟ ಸದ್ದು ಕೇಳಿ ತಿರುಗಿ ನೋಡಿದೆ. ಅತ್ತಿಗೆ ಅವನ ಪಕ್ಕಕ್ಕೆ ಬಂದು ಕಡೆಯ ಗೇರಿಗೆ ಇಳಿಸಿದಳು. ಅವನು ಎರಡು ಹೆಜ್ಜೆ ಇಟ್ಟರೆ ಅವಳ ಚಕ್ರ ಎರಡು ಹೆಜ್ಜೆಯಷ್ಟು ಉರುಳುತ್ತಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು.

“ಮುಂದೆ ಹೋಗಮ್ಮ,” ಎಂದ ಅವನು. “ನನಗೋಸ್ಕರ ಯಾಕೆ ಕಾಯ್ತೀಯ?”

“ನಾನೆಲ್ಲಿ ಕಾಯ್ತಿದ್ದೀನಿ? ಈ ಗಾಡಿ ನಡಿಗೇನೇ ಇಷ್ಟು. ಆ ಸಲಿಕೆ ಕೊಡಿ ಇಲ್ಲಿ, ಭಾರ.”

ಒನೇಸಿಮೋ ಸಲಿಕೆ ಕೊಟ್ಟ. ಅವಳು ಅದನ್ನು ತನ್ನ ಸಲಿಕೆಯ ಪಕ್ಕಕ್ಕೆ ಸಿಕ್ಕಿಸಿಕೊಂಡಳು. ಹಾಗೇ ಇಬ್ಬರೂ ಹುರುಳಿಯ ವಿಷಯ ಮಾತಾಡುತ್ತ ತುದಿಯ ತನಕ ಜೊತೆಗೇ ಬಂದರು. ತೂಬಿನ ಹತ್ತಿರ ಬೂದಿಯನ್ನೆಲ್ಲ ತೆಗೆದ ಮೇಲೆ ಅತ್ತಿಗೆ ಕೊರಳಿನ ದಾರ ಬಿಚ್ಚಿ ಬೀಗ ತೆಗೆದಳು. ನೀರು ಕಾಲುವೆಗೆ ಹೊರಟಿತು. ಅವಳು ಬೀಗದ ಕೈಯನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ಬೇರೆ ಯಾರಾದರೂ ಸಿಗುವ ತನಕ ಎಂಬ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ.